ಬೋರಿನ ಮೋಟರಿಗೆ ಡ್ಯಾನ್‌ಫಾಸ್ ಆಕ್ವಾ ಡ್ರೈವ್: ಯಾರಿಗೆ ಒಪ್ಪುತ್ತದೆ, ಅಲಾರ್ಮ್ ಬಂದರೆ ಎಲ್ಲಿ ನೋಡಬೇಕು

ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆಗೆ ಡ್ರಿಪ್ ಹಾಕಿದವರು, ಗಂಗಾವತಿಯ ರೈಸ್ ಮಿಲ್‌ನವರು, ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕದವರು ಬೋರಿಗೆ ವಿಎಫ್‌ಡಿ (ಮೋಟರಿನ ವೇಗ ಏರಿಳಿಸುವ ಡ್ರೈವ್) ಹಾಕಿಸುವ ಮುಂಚೆ ಕೇಳುವುದು ಒಂದೇ: ನಮ್ಮ ಲೈನಿಗೆ ಇದು ತಡೆಯುತ್ತದೋ ಇಲ್ಲವೋ? ಡ್ಯಾನ್‌ಫಾಸ್‌ನ ವಿಎಲ್‌ಟಿ ಆಕ್ವಾ ಡ್ರೈವ್ ಎಫ್‌ಸಿ 202 ತಡೆಯುತ್ತದೆ. ಆದರೆ ಅದು ನಿಂತಾಗಲೆಲ್ಲ ರೀಸೆಟ್ ಒತ್ತಿ ಮತ್ತೆ ಓಡಿಸುವವರ ಕೈಯಲ್ಲಿ ಯಾವ ಡ್ರೈವೂ ಬಾಳುವುದಿಲ್ಲ. ಈ ಯಂತ್ರದ ದೊಡ್ಡ ಗುಣವೇ ಪರದೆ ಮೇಲೆ ಬರುವ ಅಲಾರ್ಮ್ ನಂಬರು. ಅದನ್ನು ಓದಿದರೆ ಬೋರಿನಿಂದ ಮೋಟರ್ ಎತ್ತಬೇಕೋ ಬೇಡವೋ ಎಂಬುದು ಮೇಲೆಯೇ ತಿಳಿಯುತ್ತದೆ.

ಎಚ್‌ಪಿ ನೋಡಿ ಡ್ರೈವ್ ಆರಿಸುವುದೇ ಮೊದಲ ಎಡವಟ್ಟು. ಸಬ್‌ಮರ್ಸಿಬಲ್ ಮೋಟರು ಅದೇ ಎಚ್‌ಪಿಯ ನೆಲದ ಮೋಟರಿಗಿಂತ ಹೆಚ್ಚು ಆಂಪ್ಸ್ ಎಳೆಯುತ್ತದೆ. 7.5 ಎಚ್‌ಪಿ ಅಂದರೆ 5.5 ಕಿಲೋವ್ಯಾಟ್, ಆ ಅಳತೆಯ ಎಫ್‌ಸಿ 202 ಸತತವಾಗಿ ಕೊಡುವುದು 13 ಆಂಪ್ಸ್. ಮೋಟರಿನ ನಾಮಫಲಕದಲ್ಲಿ 15 ಆಂಪ್ಸ್ ಅಂತಿದ್ದರೆ 7.5 ಕಿಲೋವ್ಯಾಟ್‌ನ, 16 ಆಂಪ್ಸ್ ಕೊಡುವ ಡ್ರೈವೇ ಬೇಕು. ಚಿಕ್ಕದು ಹಾಕಿದರೆ ಕೆಲಸವೇನೋ ಶುರುವಾಗುತ್ತದೆ, ಆಮೇಲೆ ಅಲಾರ್ಮ್ 9 ಬಂದು ನಿಲ್ಲುತ್ತದೆ. ಓವರ್‌ಲೋಡ್ ಲೆಕ್ಕ ಶೇ 100ಕ್ಕೆ ಮುಟ್ಟಿದಾಗ ಟ್ರಿಪ್ ಆಗುತ್ತದೆ, 90ಕ್ಕಿಂತ ಕೆಳಗೆ ಇಳಿಯುವವರೆಗೆ ರೀಸೆಟ್ ಆಗುವುದಿಲ್ಲ. ಡ್ರೈವ್ ಕೆಟ್ಟಿದೆ ಅಂತ ಬೈಸಿಕೊಳ್ಳುವ ಎಷ್ಟೋ ಪ್ಯಾನೆಲ್‌ಗಳಲ್ಲಿ ಇರುವ ತೊಂದರೆ ಇದೇ.

ಜೋಡಿಸುವಾಗ ಹಳೆಯ ಸ್ಟಾರ್ಟರು, ಅದರ ಪಕ್ಕದ ಕೆಪಾಸಿಟರು ಎರಡನ್ನೂ ಡ್ರೈವ್ ಮತ್ತು ಮೋಟರಿನ ನಡುವಿನಿಂದ ಪೂರ್ತಿ ಕಿತ್ತುಹಾಕಬೇಕು. ಔಟ್‌ಪುಟ್‌ನಲ್ಲಿ ಕೆಪಾಸಿಟರ್ ಉಳಿದರೆ ಚಾಲೂ ಮಾಡಿದ ಕೂಡಲೇ ಅಲಾರ್ಮ್ 13 (ಓವರ್ ಕರೆಂಟ್) ಅಥವಾ 16 (ಶಾರ್ಟ್ ಸರ್ಕ್ಯೂಟ್). ಸ್ಟಾರ್-ಡೆಲ್ಟಾದ ಆರು ವೈರಿನ ಮೋಟರಾದರೆ ಮೇಲೆಯೇ ಕಾಯಂ ಡೆಲ್ಟಾ ಕಟ್ಟಿ ಮೂರು ವೈರ್ ಮಾಡಿಕೊಳ್ಳಿ. ಇನ್ನೊಂದು ಮಾತು: ಮೋಟರ್ ಉಲ್ಟಾ ತಿರುಗಿ ನೀರು ಕಡಿಮೆ ಬಂದರೆ ಲೈನ್ ಕಡೆಯ ಫೇಸ್ ಬದಲಿಸಿ ಪ್ರಯೋಜನವಿಲ್ಲ. ಬದಲಿಸಬೇಕಾದದ್ದು ಮೋಟರ್ ಕಡೆಯ 96, 97, 98ನೇ ಟರ್ಮಿನಲ್‌ಗಳಲ್ಲಿ ಯಾವುದಾದರೂ ಎರಡು.

ಇನ್ನು ಕರೆಂಟಿನ ವಿಷಯ. ತ್ರೀ ಫೇಸ್ ಹೋಗಿ ಸಿಂಗಲ್ ಫೇಸ್ ಉಳಿದ ಹೊತ್ತಿನಲ್ಲಿ ಅಲಾರ್ಮ್ 4 ಬರುವುದು ಸಹಜ, ಅದು ಡ್ರೈವಿನ ದೋಷವಲ್ಲ. ಮೂರೂ ಫೇಸ್ ಇದ್ದಾಗಲೂ ಬರುತ್ತಿದ್ದರೆ 91, 92, 93ನೇ ಟರ್ಮಿನಲ್‌ಗಳ ನಡುವೆ, ಮೋಟರ್ ಓಡುವಾಗಲೇ, ಮೀಟರ್ ಹಿಡಿದು ನೋಡಿ. 405, 410, 372 ಹೀಗೆ ಬಂದರೆ ಸರಾಸರಿಯಿಂದ ವ್ಯತ್ಯಾಸ ಶೇ 6ರಷ್ಟಾಯಿತು. ಈ ಡ್ರೈವ್ ತಾತ್ಕಾಲಿಕವಾಗಿ ಒಪ್ಪುವುದು ಶೇ 3 ಮಾತ್ರ. ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸು, ಕಂಬದ ಜಂಪರು, ಮೇನ್ ಸ್ವಿಚ್ಚಿನಲ್ಲಿ ಸುಟ್ಟು ಕಪ್ಪಾದ ಕಾಂಟ್ಯಾಕ್ಟು, ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಕಾಟ ತಪ್ಪಲಿ ಅಂತ ಪ್ಯಾರಾಮೀಟರ್ (ಡ್ರೈವಿನ ಸೆಟ್ಟಿಂಗ್ ನಂಬರು) 14-12ರಲ್ಲಿ ಈ ರಕ್ಷಣೆ ಆಫ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ, ಒಳಗಿನ ಕೆಪಾಸಿಟರ್‌ಗಳ ಆಯುಸ್ಸು ಕರಗುವುದು ಹೀಗೆಯೇ. ವೋಲ್ಟೇಜ್ ಇಳಿಕೆಯನ್ನು ಮಾತ್ರ ಚೆನ್ನಾಗಿ ತಾಳಿಕೊಳ್ಳುತ್ತದೆ: 380ಕ್ಕಿಂತ ಸುಮಾರು ಶೇ 15, ಅಂದರೆ 323 ವೋಲ್ಟ್ ಆಸುಪಾಸಿಗೆ ಬರುವವರೆಗೂ ಎಳೆದುಕೊಂಡು ಹೋಗುತ್ತದೆ. ಅದಕ್ಕೂ ಕೆಳಗೆ ಬಿದ್ದರೆ ಅಲಾರ್ಮ್ 8.

ಕರೆಂಟ್ ಹೋಗಿ ತಕ್ಷಣ ಬಂದಾಗ ಅಲಾರ್ಮ್ 13 ಬೀಳುತ್ತಿದ್ದರೆ ಎನ್‌ಆರ್‌ವಿ (ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್) ಮೇಲೆ ಸಂಶಯವಿರಲಿ. ಅದು ಸೋರಿದರೆ ಪೈಪಿನ ನೀರು ಕೆಳಗೆ ಇಳಿಯುತ್ತ ಪಂಪನ್ನು ಹಿಂದಕ್ಕೆ ತಿರುಗಿಸುತ್ತದೆ, ಆ ಹೊತ್ತಿಗೇ ಡ್ರೈವ್ ಮುಂದಕ್ಕೆ ಎಳೆಯುತ್ತದೆ. ಸ್ಟಾರ್ಟ್ ಡಿಲೇ 1-71 ಹೆಚ್ಚಿಸಿದರೆ ಸದ್ಯಕ್ಕೆ ನಡೆಯುತ್ತದೆ, ಎನ್‌ಆರ್‌ವಿ ಬದಲಿಸಿದರೇ ಸರಿ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು 14, ಅರ್ಥ್ ಫಾಲ್ಟ್. ಇದಕ್ಕೆ ಆಟೋ ರೀಸೆಟ್ ಇಟ್ಟು ಓಡಿಸುವುದು ಅಪಾಯ. ಮೇನ್ ತೆಗೆದು, 7.5 ಕಿಲೋವ್ಯಾಟ್‌ವರೆಗಿನ ಡ್ರೈವಿಗೆ 4 ನಿಮಿಷ, 11ರಿಂದ ಮೇಲಿನದಕ್ಕೆ 15 ನಿಮಿಷ ಕಾಯಿರಿ. ಪರದೆ ಆರಿದ ಮೇಲೂ ಒಳಗೆ ಡಿಸಿ ಉಳಿದಿರುತ್ತದೆ. ಆಮೇಲೆ 96, 97, 98ರಿಂದ ಮೋಟರ್ ವೈರ್ ಬಿಚ್ಚಿ, ಬಿಚ್ಚಿದ ವೈರಿಗೆ ಮಾತ್ರ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಬೇಕು. ಡ್ರೈವಿಗೆ ವೈರ್ ತಗುಲಿರುವಾಗಲೇ ಮೆಗ್ಗರ್ ಹಾಕಿದರೆ ಔಟ್‌ಪುಟ್ ಭಾಗ ಅಲ್ಲೇ ಸತ್ತುಹೋಗುತ್ತದೆ. ಒಂದೊಂದು ವೈರಿಗೂ ಅರ್ಥಿಂಗಿಗೂ ನಡುವೆ 2 ಮೆಗಾಓಮ್ ಮೇಲೆ ತೋರಿಸಿದರೆ ಚಿಂತೆಯಿಲ್ಲ. ಅರ್ಧ ಮೆಗಾಓಮ್‌ಗಿಂತ ಕೆಳಗೆ ಇಳಿದಿದ್ದರೆ ಜಾಯಿಂಟೋ ವೈಂಡಿಂಗೋ ನೀರು ಕುಡಿದಿದೆ, ಮೋಟರ್ ಎತ್ತಲೇಬೇಕು. ಎತ್ತಿದಾಗ ವೈಂಡಿಂಗ್ ಶಾಪಿಗೆ ಒಯ್ಯುವ ಮುಂಚೆ ಕೇಬಲ್ಲನ್ನು ಕೈಯಲ್ಲಿ ಸವರುತ್ತ ಬನ್ನಿ. ಕೇಸಿಂಗಿನ ಅಂಚಿಗೆ ಉಜ್ಜಿ ಸಿಪ್ಪೆ ಎದ್ದು, ತಾಮ್ರ ಹಸಿರುಗಟ್ಟಿದ ಜಾಗ ಬೆರಳಿಗೆ ಸಿಗುತ್ತದೆ. ಪೈಪಿಗೆ ಹತ್ತು ಅಡಿಗೊಂದು ಕಟ್ಟು ಇಲ್ಲದ ಬೋರುಗಳಲ್ಲಿ ಇದು ತೀರ ಸಾಮಾನ್ಯ.

ಮೆಗ್ಗರ್ ಇಲ್ಲದಿದ್ದರೂ ಒಂದು ಪರೀಕ್ಷೆ ಉಂಟು. ಮೋಟರ್ ವೈರ್ ಬಿಚ್ಚಿಟ್ಟು ಡ್ರೈವನ್ನು ಬರಿದಾಗಿ ಚಾಲೂ ಮಾಡಿ. ಆಗಲೂ 14 ಬಂದರೆ ತೊಂದರೆ ಡ್ರೈವಿನೊಳಗೆ. 14 ಹೋಗಿ 30, 31 ಅಥವಾ 32 ಬಂದರೆ ಡ್ರೈವ್ ಗಟ್ಟಿಯಿದೆ, ಬೋರಿನೊಳಗಿನ ಕೇಬಲ್, ಮೋಟರ್ ಕಡೆ ನೋಡಿ. ಆ ಮೂರು ನಂಬರು ಯು, ವಿ, ಡಬ್ಲ್ಯು ಫೇಸುಗಳು ಮೋಟರಿಗೆ ತಲುಪುತ್ತಿಲ್ಲ ಅನ್ನುವುದಕ್ಕೆ. ಮೋಟರ್ ಜೋಡಿಸಿರುವಾಗಲೇ ಇವು ಬಂದರೆ ಮೂರೂ ವೈರನ್ನು ಒಂದೊಂದು ಟರ್ಮಿನಲ್ ಮುಂದಕ್ಕೆ ಸರಿಸಿ ಕಟ್ಟಿ: ತಿರುಗುವ ದಿಕ್ಕು ಬದಲಾಗುವುದಿಲ್ಲ. ಅಲಾರ್ಮ್ 30 ಇದ್ದದ್ದು 31 ಆದರೆ ಕೇಬಲ್ ಅಥವಾ ಜಾಯಿಂಟ್ ಕಡಿದಿದೆ, 30 ಆಗಿಯೇ ಉಳಿದರೆ ಡ್ರೈವಿನ ತೊಂದರೆ.

ಕೇಬಲ್ ಉದ್ದಕ್ಕೂ ಲೆಕ್ಕವಿದೆ. ಶೀಲ್ಡ್ ಇಲ್ಲದ ಕೇಬಲ್‌ಗೆ ಈ ಡ್ರೈವಿನ ಮಿತಿ 300 ಮೀಟರ್. 600 ಅಡಿ ಅಂದರೆ 183 ಮೀಟರ್, ಮಿತಿಯೊಳಗೇ ಆಯಿತು. ಆದರೆ 415 ವೋಲ್ಟಿನ ಲೈನಿಗೆ ಡ್ರೈವಿನೊಳಗೆ ಸುಮಾರು 587 ವೋಲ್ಟ್ ಡಿಸಿ ಇರುತ್ತದೆ, ಉದ್ದನೆಯ ಕೇಬಲ್ಲಿನ ಕೊನೆಯಲ್ಲಿ ಅದರ ಅಲೆ ಇಮ್ಮಡಿಯವರೆಗೂ ಏರಿ ವೈಂಡಿಂಗಿಗೆ ಬಡಿಯುತ್ತದೆ. ರಿವೈಂಡಿಂಗ್ ಆದ ಹಳೆ ಮೋಟರಿಗೆ ಈ ಬಡಿತ ತಗ್ಗಿಸುವ ಸೈನ್ ವೇವ್ ಫಿಲ್ಟರ್ ಇಲ್ಲದೆ ಡ್ರೈವ್ ಕೊಡಬೇಡಿ. ಫಿಲ್ಟರ್ ಹಾಕಿದರೆ 14-55ರಲ್ಲಿ ಅದನ್ನು ತಿಳಿಸಲೇಬೇಕು. ತಾಮ್ರದ ದಪ್ಪವೂ ಮುಖ್ಯ: ಅದೇ 183 ಮೀಟರಿಗೆ 15 ಆಂಪ್ಸ್ ಹರಿದಾಗ 4 ಸ್ಕ್ವೇರ್ ಎಂಎಂ ಕೇಬಲ್‌ನಲ್ಲಿ ಸುಮಾರು 22 ವೋಲ್ಟ್ ಕಳೆಯುತ್ತದೆ, 6 ಸ್ಕ್ವೇರ್‌ನಲ್ಲಿ 15ರ ಹತ್ತಿರ.

ಸೆಟ್ಟಿಂಗ್‌ನಲ್ಲಿ ಹೆಚ್ಚು ತಪ್ಪುವುದು ಕನಿಷ್ಠ ಹರ್ಟ್ಸ್, ಅಂದರೆ ಕನಿಷ್ಠ ವೇಗ. ವೇಗ ತಗ್ಗಿಸಿದರೆ ಪಂಪು ನೀರೆತ್ತುವ ಎತ್ತರ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. ಗೇಟ್‌ವಾಲ್ವ್ ಪೂರ್ತಿ ಮುಚ್ಚಿದಾಗ 50 ಹರ್ಟ್ಸ್‌ನಲ್ಲಿ 120 ಮೀಟರ್ ಒತ್ತುವ ಪಂಪು 40 ಹರ್ಟ್ಸ್‌ನಲ್ಲಿ 77 ಮೀಟರ್ ಮಾತ್ರ ಒತ್ತುತ್ತದೆ. ನೀರು 80 ಮೀಟರಿನಲ್ಲಿದ್ದರೆ ಒಂದು ಹನಿಯೂ ಮೇಲೆ ಬರುವುದಿಲ್ಲ. ಮೋಟರ್ ಮಾತ್ರ ಅಲ್ಲೇ ತಿರುಗುತ್ತ, ಮೈ ಸವರಿ ಹೋಗುವ ನೀರಿಲ್ಲದೆ ಬಿಸಿಯೇರುತ್ತದೆ. ಅಂಥ ಬೋರಿಗೆ 41 ಹರ್ಟ್ಸ್‌ಗೆ ನೀರು ಬಾಯಿಗೆ ಬರತೊಡಗುತ್ತದೆ, ಏಪ್ರಿಲ್-ಮೇ ಹೊತ್ತಿಗೆ ನೀರು 90 ಮೀಟರಿಗೆ ಇಳಿದರೆ 43 ದಾಟಬೇಕು. ಆದ್ದರಿಂದ 4-12ರಲ್ಲಿ ಬೇಸಿಗೆಯ ನೀರಿನ ಮಟ್ಟಕ್ಕೆ ಹೊಂದುವ ಹರ್ಟ್ಸ್ ಇಡಿ, ಅದರ ಮೇಲೆ ಎರಡು ಮೂರು ಹರ್ಟ್ಸ್ ಕೈಯಾಡಲು ಬಿಡಿ. ಯಾವ ಬೋರಿಗೂ 30ಕ್ಕಿಂತ ಕೆಳಗೆ ಬೇಡ. ನಿಂತಲ್ಲಿಂದ ಆ ಕನಿಷ್ಠ ವೇಗಕ್ಕೆ 1ರಿಂದ 2 ಸೆಕೆಂಡಿನಲ್ಲಿ ಏರಲು 3-84ರಲ್ಲಿ ಪ್ರತ್ಯೇಕ ರಾಂಪ್ (ವೇಗ ಏರುವ ಸಮಯ) ಇದೆ. ಪಂಪಿನ ಒತ್ತಡ ಹೊರುವ ತಳದ ಥ್ರಸ್ಟ್ ಬೇರಿಂಗಿಗೆ ನಿಧಾನಗತಿ ಆಗಿಬರುವುದಿಲ್ಲ. ಈ ಒಂದು ಸೌಲಭ್ಯಕ್ಕಾಗಿಯೇ ಬೋರಿಗೆ ಸಾದಾ ವಿಎಫ್‌ಡಿಗಿಂತ ಇದು ವಾಸಿ.

ನೀರಿಲ್ಲದೆ ಪಂಪು ಓಡುತ್ತಿದೆ ಎನ್ನುವ ಡ್ರೈ ರನ್ ಅಲಾರ್ಮ್ 93 ತಾನಾಗಿ ಬರುವುದಿಲ್ಲ. 22-21ರಲ್ಲಿ ಲೋ ಪವರ್ ಪತ್ತೆಯನ್ನು ಆನ್ ಮಾಡಿ, ಆ ಬೋರಿನಲ್ಲೇ ಟ್ಯೂನ್ ಮಾಡಿ, 22-26ರಲ್ಲಿ ಅಲಾರ್ಮ್ ಆರಿಸಬೇಕು. ಬೋರು ತುಂಬಿಕೊಳ್ಳಲು 14-21ರಲ್ಲಿ ಗರಿಷ್ಠ 600 ಸೆಕೆಂಡ್ ಕೊಡಬಹುದು. ಆದರೆ ಆಟೋ ರೀಸೆಟ್ ಸಂಖ್ಯೆಗೆ ಕಡಿವಾಣವಿರಲಿ, ‘ಅನಂತ’ ಎಂಬ ಆಯ್ಕೆ ಮುಟ್ಟಲೇಬೇಡಿ.

ಡ್ರಿಪ್‌ನವರು ಎಚ್ಚರವಹಿಸಬೇಕಾದದ್ದು ಪ್ರೆಶರ್ ಸೆನ್ಸರಿನ ವೈರು. ಇಲಿ ಕಡಿದರೆ 4ರಿಂದ 20 ಮಿಲಿಆಂಪ್ ಸಿಗ್ನಲ್ ಸೊನ್ನೆಯಾಗುತ್ತದೆ. ಸಿಗ್ನಲ್ ಕಡಿದರೆ ಏನು ಮಾಡಬೇಕೆಂದು ಹೇಳುವ 6-01 ಆಫ್ ಇದ್ದರೆ ಒತ್ತಡವೇ ಇಲ್ಲವೆಂದುಕೊಂಡು ಡ್ರೈವ್ ಪೂರ್ತಿ ವೇಗಕ್ಕೆ ಹೋಗಿ ಲ್ಯಾಟರಲ್‌ಗಳನ್ನು (ಸಾಲಿನ ಡ್ರಿಪ್ ಪೈಪುಗಳನ್ನು) ಕಿತ್ತೆಸೆಯುತ್ತದೆ. ಅಲ್ಲಿ ಸ್ಟಾಪ್ ಇಡಿ, ವೈರನ್ನು ಕಬ್ಬಿಣದ ಪೈಪಿನಲ್ಲಿ ಹಾಯಿಸಿ.

ಬಿಸಿಲಿಗೆ ಬಂದರೆ, ಡ್ರೈವಿನ ಸುತ್ತಲಿನ ಗಾಳಿ ಹೆಚ್ಚೆಂದರೆ 50 ಡಿಗ್ರಿ, ದಿನದ ಸರಾಸರಿ 45 ಮೀರಬಾರದು. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಪಂಪ್‌ಹೌಸ್ ಆ ಮಿತಿ ದಾಟುತ್ತದೆ, ಅಲಾರ್ಮ್ 29 ಖಾಯಂ. 7.5 ಕಿಲೋವ್ಯಾಟ್‌ವರೆಗಿನ ಡ್ರೈವಿಗೆ ಮೇಲೆ ಕೆಳಗೆ 100 ಮಿಲಿಮೀಟರ್, 11ರಿಂದ ಮೇಲಿನದಕ್ಕೆ ಕನಿಷ್ಠ 200 ಖಾಲಿ ಬಿಡಿ, ಸೂರಿಗೆ ಗರಿಯೋ ಹುಲ್ಲೋ ಹೊದಿಸಿ. ಸಂಡೂರು ಕಡೆಯ ಅದಿರು ದೂಳಿಗೆ ಐಪಿ 55 ಅಥವಾ 66 ಡಬ್ಬಿಯನ್ನೇ ತರಿಸಿ, ಕೇಬಲ್ ತೂತುಗಳಿಗೆ ಗ್ಲಾಂಡ್ ಹಾಕಿ, ಇಲ್ಲವಾದರೆ ಹಲ್ಲಿ, ಇರುವೆ ಒಳಗೆ ಸಂಸಾರ ಹೂಡುತ್ತವೆ.

ಕೊರತೆ ಇಲ್ಲವೆಂದಲ್ಲ. ಪ್ಯಾರಾಮೀಟರ್‌ಗಳ ರಾಶಿ ಸಾಮಾನ್ಯ ಎಲೆಕ್ಟ್ರಿಷಿಯನ್‌ಗೆ ತಲೆನೋವು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತವಾಗಿರುವಾಗ ಬಿಲ್ ಉಳಿತಾಯದ ಮಾತಿಗೆ ರೈತರು ಮರುಳಾಗಬೇಕಿಲ್ಲ. ಹೊಂಡಕ್ಕೋ ಕಾಲುವೆಗೋ ನೀರು ಬಿಡುವವರಿಗೆ ಒಳ್ಳೆಯ ಸ್ಟಾರ್ಟರು, ಸಿಂಗಲ್ ಫೇಸ್ ಪ್ರಿವೆಂಟರು ಸಾಕು. ಬಿಲ್ ಕಟ್ಟುವ ಮಿಲ್ಲು, ವಾಷಿಂಗ್ ಘಟಕಗಳಿಗೆ ಮತ್ತು ಒಂದು ಗೇಟ್‌ವಾಲ್ವ್ ಮುಚ್ಚಿ ಇನ್ನೊಂದು ತೆರೆಯುತ್ತ ಸರದಿಯಲ್ಲಿ ನೀರು ಕೊಡುವ ದಾಳಿಂಬೆ ಡ್ರಿಪ್ಪಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಕೊಂಡವರು ಜೋಡಣೆಯ ದಿನವೇ 50 ಹರ್ಟ್ಸ್‌ನ ಆಂಪ್ಸ್ ಮತ್ತು ನೀರಿನ ಮಟ್ಟವನ್ನು ಪ್ಯಾನೆಲ್ ಬಾಗಿಲ ಒಳಗೆ ಬರೆಸಿ; ಮುಂದೆ ಮರಳು ಹಿಡಿದು ಆಂಪ್ಸ್ ಏರಿದರೆ ಹೋಲಿಸಲು ಬೇಕು. ಹಳೆಯ ಅಲಾರ್ಮ್‌ಗಳು 15-30ರಲ್ಲಿ ಉಳಿದಿರುತ್ತವೆ, ಮೆಕ್ಯಾನಿಕ್ ಬಂದಾಗ ಮೊದಲು ಅದನ್ನೇ ತೋರಿಸಿ. ಎಲ್ಲ ಸೆಟ್ಟಿಂಗ್ ಸರಿಯಾದ ಮೇಲೆ 0-50ರಿಂದ ಅವನ್ನು ಕೀಪ್ಯಾಡಿಗೆ ಕಾಪಿ ಮಾಡಿಡಿ; ಡ್ರೈವ್ ಬದಲಾದರೂ ಅದೇ ಕೀಪ್ಯಾಡ್ ಸಿಕ್ಕಿಸಿ ಹೊಸದಕ್ಕೆ ಇಳಿಸಿಕೊಳ್ಳಬಹುದು.