ಟ್ಯಾಂಕ್ ತುಂಬಿದೆಯಲ್ಲ ಅಂತ ಸುಮ್ಮನಿದ್ದೆ

ಸ್ಪ್ರಿಂಕ್ಲರ್ ಓಡಿಸಲು ಬೋಟಿನ ಹಳೆ ಇಂಜಿನ್ ತರುವ ಯೋಚನೆ ಯಾರಿಗಾದರೂ ಇದ್ದರೆ, ಇದನ್ನು ಓದಿ ಆಮೇಲೆ ಘಾಟಿ ಇಳಿಯಿರಿ. ನಮ್ಮ ತೋಟ ಮೂಡಿಗೆರೆ ಹತ್ತಿರ. ಕಾಫಿ ಗಿಡ ಹೂ ಬಿಡಲೆಂದು ಕೊಡುವ 'ಹೂವಿನ ನೀರಿನ' ಹೊತ್ತಿಗೆ ಸರಿಯಾಗಿ ನನ್ನ ಇಂಜಿನ್ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಯಿತು. ರೋಬಸ್ಟಾ ಕಾಫಿ ಬೆಳೆಯುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗಲೇ ಬೋಟುಗಳ ರಿಪೇರಿ ನಡೆಯುವುದು, ಹಳೆ ಇಂಜಿನ್‌ಗಳು ಹೊರಗೆ ಬರುವುದು. ರೇಟು ಕಮ್ಮಿ. ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ, ಹೊರಗಿನ ನೀರಿನಿಂದಲೇ ತಣ್ಣಗಾಗುತ್ತದೆ. ನಮ್ಮ ಪಂಪ್‌ಹೌಸ್ ಹೇಗೂ ಕೆರೆ ಪಕ್ಕದಲ್ಲೇ ಇದೆ. ಲೆಕ್ಕ ಸರಿಯಾಗೇ ಇತ್ತು ಅಂತ ಈಗಲೂ ಅನ್ನಿಸುತ್ತದೆ. ತಪ್ಪಿದ್ದು ನೋಡಿ ತಂದ ರೀತಿಯಲ್ಲಿ.

ಈ ಇಂಜಿನ್‌ನಲ್ಲಿ ಎರಡು ನೀರು. ಒಂದು ಇಂಜಿನ್ ಒಳಗೇ ಸುತ್ತುವ ಕೂಲೆಂಟ್. ಇನ್ನೊಂದು ಹೊರಗಿನ ನೀರು. ಸಮುದ್ರದಲ್ಲಾದರೆ ಉಪ್ಪುನೀರು, ನಮ್ಮಲ್ಲಿ ಕೆರೆ ನೀರು. ಹೀಟ್ ಎಕ್ಸ್‌ಚೇಂಜರ್ ಅನ್ನುವ ಡಬ್ಬದೊಳಗೆ ಸಣ್ಣ ಕೊಳವೆಗಳ ಕಟ್ಟು ಇರುತ್ತದೆ. ಕೊಳವೆ ಒಳಗೆ ಹೊರಗಿನ ನೀರು, ಅದರ ಸುತ್ತ ಕೂಲೆಂಟ್. ಬಿಸಿ ಮಾತ್ರ ದಾಟಬೇಕು, ನೀರು ದಾಟಬಾರದು. ಉಪ್ಪುನೀರು ವರ್ಷಗಟ್ಟಲೆ ಹರಿದ ಕೊಳವೆ ಒಳಗಿಂದಲೇ ತಿಂದುಹೋಗುತ್ತದೆ. ಮೇಲೆ ಹೊಸ ಪೇಂಟ್ ಹೊಡೆದರೆ ಯಾರಿಗೂ ಕಾಣುವುದಿಲ್ಲ.

ಮಾರುವವರು ನನ್ನೆದುರು ಹತ್ತು ನಿಮಿಷ ಓಡಿಸಿ ತೋರಿಸಿದರು. ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಹೊಗೆ ಇಲ್ಲ. ಕ್ಯಾಪ್ ತೆಗೆದು ನೋಡಿದರೆ ಕೂಲೆಂಟ್ ಹಳದಿ. ಹಳದಿ ಕೂಲೆಂಟೂ ಬರುತ್ತದೆ ಅಲ್ವಾ, ಸಂಶಯ ಬರಲಿಲ್ಲ. ಖುಷಿಯಲ್ಲಿ ದುಡ್ಡು ಕೊಟ್ಟು ಪಿಕಪ್‌ಗೆ ಹಾಕಿಸಿದೆ. ಚಾರ್ಮಾಡಿಯಲ್ಲಿ ಮಳೆಯೋ ಮಳೆ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಮನೆ ಸೇರಿದ್ದೆವು. ಆ ಇಂಜಿನ್ ಜೊತೆ ಕಳೆದ ಒಳ್ಳೆ ದಿನ ಅಂದರೆ ಅದೊಂದೇ.

ಕೂರಿಸುವಾಗ ಎರಡನೇ ತಪ್ಪು. ಹೊರಗಿನ ನೀರು ಎಳೆಯುವ ಪಂಪಿನ ಒಳಗೆ ತಿರುಗುವ ರಬ್ಬರ್ ಚಕ್ರ (ಇಂಪೆಲ್ಲರ್) ಹರಿದಿತ್ತು. ನಮ್ಮ ಫಿಟ್ಟರ್, "ಅದ್ಯಾಕಣ್ಣ, ಸ್ಪ್ರಿಂಕ್ಲರ್ ಡೆಲಿವರಿ ಲೈನಿಂದಲೇ ಒಂದು ಪೈಪ್ ಕೊಡೋಣ" ಅಂದ. ಹಾಗೆ ಕೊಡುವುದುಂಟು, ಆದರೆ ಒತ್ತಡ ಇಳಿಸಿ ಕೊಡಬೇಕು. ನಮ್ಮ ಲೈನಿನಲ್ಲಿ 4 ಕೆಜಿ ಒತ್ತಡ. ಬೋಟಿನ ಪಂಪು ಅದರ ಕಾಲುಭಾಗವೂ ಕೊಡುವುದಿಲ್ಲ.

ಮಾರ್ಚ್‌ನಲ್ಲಿ ಶುರು ಮಾಡಿದೆವು. ಮೊದಲ ರಾತ್ರಿಯೇ ಪಂಪ್ ನೋಡುವ ಹುಡುಗ ಫೋನ್ ಮಾಡಿದ. "ಅಣ್ಣ, ಟ್ಯಾಂಕಲ್ಲಿ ನೀರು ಉಕ್ತಾ ಐತೆ." ನಾನು ನಿದ್ದೆಗಣ್ಣಲ್ಲಿ, "ತುಂಬಿದೆ ತಾನೇ? ಕಮ್ಮಿ ಆದ್ರೆ ಹೇಳು" ಅಂದು ಮಲಗಿದೆ. ಯಾರೂ ನೀರು ಹಾಕದೆ ಕೂಲೆಂಟ್ ಇರುವ ಹೆಡರ್ ಟ್ಯಾಂಕ್ ತುಂಬುವುದು ಹೇಗೆ ಅಂತ ಯೋಚಿಸಲೇ ಇಲ್ಲ. ಕೊಳವೆ ತೂತಾಗಿ ಕೆರೆ ನೀರು ಕೂಲೆಂಟ್ ಒಳಗೆ ನುಗ್ಗುತ್ತಿತ್ತು.

ಬೆಳಿಗ್ಗೆ ಫಿಟ್ಟರ್ ಬಂದು ಆ ಪೈಪಿನ ಗೇಟ್ ವಾಲ್ವ್ ತಿರುಗಿಸಿ ನೀರು ಕಮ್ಮಿ ಮಾಡಿದ. ಉಕ್ಕುವುದು ನಿಂತಿತು. ರೋಗ ವಾಸಿಯಾಯಿತು ಅಂದುಕೊಂಡೆವು. ಆಗಿದ್ದು ಉಲ್ಟಾ. ಹೊರಗಿನ ಒತ್ತಡ ಇಳಿದ ಮೇಲೆ ಒಳಗಿನ ಕೂಲೆಂಟ್ ಅದೇ ತೂತಿನಿಂದ ಆ ಕಡೆಗೆ ಹೋಗಿ ಕೆರೆ ನೀರಿನ ಜೊತೆ ಹೊರಗೆ ಹರಿಯಿತು. ನೆಲದ ಮೇಲೆ ಒಂದು ಹನಿ ಇಲ್ಲ. ಟೆಂಪರೇಚರ್ ಗೇಜ್ 80ರಿಂದ 60ಕ್ಕೆ ಇಳಿಯಿತು. ಪರವಾಗಿಲ್ಲ, ತಣ್ಣಗೆ ಓಡ್ತಿದೆ ಅಂದುಕೊಂಡೆ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಇಳಿದು ಅದರ ಸುತ್ತ ಗಾಳಿ ತುಂಬಿದರೆ ಸುಳ್ಳು ತೋರಿಸುತ್ತದೆ. ಅರ್ಧ ಗಂಟೆಯಲ್ಲಿ ಇಂಜಿನ್ ಏದುಸಿರು ಬಿಟ್ಟು ನಿಂತಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಜಾಸ್ತಿಯಾದ ಕಾಫಿ ಥರ. ಬಿಸಿಗೆ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿತ್ತು.

ಹಾಸನದ ಒಬ್ಬ ಹಳೆ ಮೆಕ್ಯಾನಿಕ್ ಎಕ್ಸ್‌ಚೇಂಜರ್ ಬಿಚ್ಚಿದರು. ಕೊಳವೆಗಳ ಸುತ್ತ ಹಳದಿ ಕೆಸರು. ಮೂಸಿ ನೋಡಿ ನಕ್ಕರು. ಅರಿಶಿಣ! ರೇಡಿಯೇಟರ್ ಸೋರಿದರೆ ದಾರಿಯಲ್ಲಿ ಅರಿಶಿಣ ಪುಡಿ ಹಾಕಿ ಮನೆ ಸೇರುವುದು ಲಾರಿಯವರ ಹಳೇ ಉಪಾಯ. ಮನೆ ಸೇರಲು ಸರಿ, ಮಾರಲು ಅಲ್ಲ. ಆಮೇಲೆ ಅವರು ಒಂದು ಹಿತ್ತಾಳೆ ಬಿರಡೆ ಬಿಚ್ಚಿ ಕೈಗೆ ಕೊಟ್ಟರು. ಅದರ ತುದಿಗೆ ಬೆರಳುದ್ದದ ಸತುವಿನ ಕಡ್ಡಿ ಇರಬೇಕಂತೆ. ಉಪ್ಪುನೀರು ಕೊಳವೆಯನ್ನು ಬಿಟ್ಟು ಮೊದಲು ಅದನ್ನು ತಿನ್ನಲಿ ಅಂತ ಇಡುವುದು. ಅರ್ಧ ಸವೆದಾಗಲೇ ಬದಲಿಸಬೇಕು. ನನ್ನದರಲ್ಲಿ ಬರೀ ಬಿರಡೆ. ಸ್ಪ್ಯಾನರ್ ಹಿಡಿದು ಎರಡು ನಿಮಿಷದಲ್ಲಿ ನೋಡಬಹುದಾಗಿದ್ದ ವಿಷಯ. ಸಿಹಿನೀರಿಗೆ ಸತುವಿಗಿಂತ ಮೆಗ್ನೀಸಿಯಂ ಕಡ್ಡಿ ಒಳ್ಳೆಯದು ಅಂತಲೂ ಹೇಳಿದರು.

ಕೊಳ್ಳುವ ಮುಂಚೆ ನಾನು ಮಾಡಬೇಕಿದ್ದ ಪರೀಕ್ಷೆ ಪ್ರೆಶರ್ ಟೆಸ್ಟ್. ಇಂಜಿನ್ ತಣ್ಣಗಿರುವಾಗ ಕ್ಯಾಪ್ ಜಾಗಕ್ಕೆ ಗೇಜ್ ಇರುವ ಕೈಪಂಪ್ ಹಾಕಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ಅದಕ್ಕಿಂತ ಜಾಸ್ತಿ ಬೇಡ. ಕಾಲು ಗಂಟೆ ಮುಳ್ಳು ಅಲ್ಲಾಡದೆ ನಿಂತರೆ ಸರಿ. ಇಳಿದರೆ, ಹೊರಗೆ ಹನಿ ಕಾಣದಿದ್ದರೆ, ಎಕ್ಸ್‌ಚೇಂಜರ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ. ಎಕ್ಸ್‌ಚೇಂಜರ್ ಇಳಿಸಿ, ಕೂಲೆಂಟ್ ಬಾಯಿಗಳನ್ನು ಮುಚ್ಚಿ ಅತ್ತ ಗಾಳಿ ಕೊಟ್ಟು ತೊಟ್ಟಿಯಲ್ಲಿ ಮುಳುಗಿಸಿದರೆ ತೂತಿದ್ದ ಕೊಳವೆಯಿಂದ ಗುಳ್ಳೆ ಬರುತ್ತದೆ. ನನ್ನದರಲ್ಲಿ ಎರಡು ಕೊಳವೆಯಿಂದ ಬಂತು.

ಕ್ಯಾಪನ್ನೂ ಕಡೆಗಣಿಸಬೇಡಿ. ಚಿಕ್ಕಮಗಳೂರಿನ ಎತ್ತರದಲ್ಲಿ ಬರೀ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿದರೆ ಮಾತ್ರ ಕುದಿಯುವುದು ಮುಂದಕ್ಕೆ ಹೋಗುತ್ತದೆ. ಹತ್ತು ನಿಮಿಷದ ಓಟ ನಂಬಬೇಡಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ಕೂಲೆಂಟ್‌ಗೆ ದಾರಿ ಬಿಡುವ ವಾಲ್ವ್) ಪೂರ್ತಿ ತೆರೆದು, ಲೋಡಿನಲ್ಲಿ ಒಂದು ಗಂಟೆಯಾದರೂ ಓಡಬೇಕು. ಕೂಲೆಂಟನ್ನು ಗಾಜಿನ ಬಾಟಲಿಗೆ ಹಿಡಿದು ರಾತ್ರಿಯಿಡೀ ಇಡಿ. ಅರಿಶಿಣವಿದ್ದರೆ ತಳದಲ್ಲಿ ಕೂರುತ್ತದೆ.

ಅಷ್ಟೊತ್ತಿಗೆ ಅರ್ಧ ತೋಟಕ್ಕೆ ಒಂದಿಂಚು ನೀರಾಗಿತ್ತು, ಇನ್ನರ್ಧಕ್ಕೆ ಏನೂ ಇಲ್ಲ. ಪಕ್ಕದ ತೋಟದವರ ಟ್ರ್ಯಾಕ್ಟರ್ ಪಂಪ್ ಸಿಕ್ಕಿದ್ದು ಆರು ದಿನ ತಡವಾಗಿ. ಹೂ ಎರಡು ಕಂತಿನಲ್ಲಿ ಬಂತು, ಹೂವಾದ ಮೇಲೆ ಕೊಡುವ ಬ್ಯಾಕಿಂಗ್ ನೀರನ್ನೂ ಎರಡು ಸಲ ಹೊಡೆಯಬೇಕಾಯಿತು. ಮಾರಿದವರು ಫೋನಿನಲ್ಲಿ, "ನಮ್ಮಲ್ಲಿ ಚೆನ್ನಾಗೇ ಓಡಿತ್ತಲ್ಲ ಸಾರ್" ಅಂದರು. ಅದೂ ಸುಳ್ಳಲ್ಲ, ಹತ್ತು ನಿಮಿಷ ಓಡಿತ್ತು.

ಟೆಸ್ಟ್ ಮಾಡುವ ಕೈಪಂಪ್ ಈಗ ನನ್ನ ಹತ್ತಿರ ಇದೆ. ಮೂಡಿಗೆರೆ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಒಯ್ಯಬಹುದು. ಕ್ಯಾಪ್ ಜಾಗಕ್ಕೆ ಕೂರುವ ಅಡಾಪ್ಟರ್ ಮಾತ್ರ ನಿಮ್ಮ ಇಂಜಿನ್ ಅಳತೆಗೆ ನೀವೇ ಹುಡುಕಿಕೊಳ್ಳಬೇಕು.