ಉಪ್ಪಿನ ಛಾಯೆಯ ಸುಗಂಧಗಳು: ದೀರ್ಘಕಾಲದ ಬಳಕೆಯ ನಂತರ

ಕಡಲಿನ ಛಾಯೆಯುಳ್ಳ ಎರಡು ಬಗೆಯ ಪರ್ಫ್ಯೂಮ್‌ಗಳನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಒಂದು, ಕಡಲಗಾಳಿಯ ಭಾವ ಕೊಡುವ ಕೃತಕ ಸುಗಂಧ ವಸ್ತುವಾದ ಕ್ಯಾಲೋನ್ ಪ್ರಧಾನವಾದದ್ದು. ಇನ್ನೊಂದರಲ್ಲಿ ಕಡಲಪಾಚಿಯ ಸಾರವೂ ಆಂಬ್ರಾಕ್ಸಾನ್ ಎಂಬ ಸುಗಂಧ ವಸ್ತುವೂ ಸೇರಿ ಉಪ್ಪಿನ ಭಾವವನ್ನು ಮೂಡಿಸುತ್ತವೆ. ನಿತ್ಯ ಬಳಕೆಗೆ ನಾನು ಎರಡನೆಯದನ್ನೇ ಒತ್ತಿ ಹೇಳುತ್ತೇನೆ.

ಉಪ್ಪಿಗೆ ವಾಸನೆಯಿಲ್ಲ. ಸೋಡಿಯಂ ಕ್ಲೋರೈಡ್ ಸಾಮಾನ್ಯ ಉಷ್ಣಾಂಶದಲ್ಲಿ ಆವಿಯಾಗುವುದಿಲ್ಲವಾದ್ದರಿಂದ ಸೀಸೆಯ ಮೇಲೆ ‘ಸಮುದ್ರದ ಉಪ್ಪು’ ಎಂದು ಬರೆದಿದ್ದರೂ ಒಳಗಿರುವುದು ಬೇರೆ ವಸ್ತುಗಳಿಂದ ಕಟ್ಟಿದ ಒಂದು ಭಾವ ಮಾತ್ರ. ನಿಜವಾದ ಕಡಲಗಾಳಿಯ ವಾಸನೆಗೆ ಮುಖ್ಯ ಕಾರಣಗಳಲ್ಲೊಂದು ಡೈಮೀಥೈಲ್ ಸಲ್ಫೈಡ್. ಸಾಗರದ ಸೂಕ್ಷ್ಮ ಸಸ್ಯಗಳು ತಯಾರಿಸುವ ಸಂಯುಕ್ತವೊಂದನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅದು ಹೊರಬರುತ್ತದೆ. ಅದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ಬೇಯಿಸಿದ ಕೋಸಿನ ವಾಸನೆ ಬರುವುದರಿಂದ ಸುಗಂಧ ತಯಾರಕರು ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿಯೇ ಕ್ಯಾಲೋನ್. 1966ರಲ್ಲಿ ಔಷಧ ಕಂಪನಿ ಫೈಝರ್‌ನ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ವಸ್ತು 1988ರ ‘ನ್ಯೂ ವೆಸ್ಟ್’ ಮತ್ತು 1992ರ ‘ಲೋ ದಿಸ್ಸೆ’ ಪರ್ಫ್ಯೂಮ್‌ಗಳ ಮೂಲಕ ಒಂದು ದಶಕದ ರುಚಿಯನ್ನೇ ಬದಲಿಸಿತು. ಸಿಂಪಡಿಸಿದ ಕ್ಷಣದಲ್ಲಿ ಅದು ಮೋಹಕವೇ ಸರಿ. ಆದರೆ ಅದರಲ್ಲಿರುವ ಕರಬೂಜದ ಸಿಹಿ ಬಿಸಿಲೇರಿದಂತೆ ಮುಂದೆ ಬಂದು, ತಣ್ಣನೆಯ ನೀರಿನ ಭಾವವನ್ನು ಹಿಂದಕ್ಕೆ ತಳ್ಳುತ್ತದೆ.

ಉಪ್ಪಿನ ಬಗೆಯ ಪರ್ಫ್ಯೂಮ್ ಇದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಮೊದಲ ಅರ್ಧ ಗಂಟೆ ಪಾಚಿಯ ಹಸಿ, ಅಯೋಡಿನ್‌ನಂಥ ಒಗರು ವಾಸನೆ ಮಣಿಕಟ್ಟಿನ ಮೇಲೆ ಒರಟಾಗಿಯೇ ಇರುತ್ತದೆ; ಕೆಲವರಿಗೆ ಇದು ಹಿಡಿಸದಿರಬಹುದು. ಅದು ಇಳಿದ ಮೇಲೆ ಆಂಬ್ರಾಕ್ಸಾನ್ ಮೇಲೇಳುತ್ತದೆ. ಹಿಂದೆ ಸ್ಪರ್ಮ್ ತಿಮಿಂಗಿಲದ ದೇಹದಲ್ಲಿ ಉಂಟಾಗುವ ಅಂಬರ್‌ಗ್ರಿಸ್‌ನಿಂದ ದೊರೆಯುತ್ತಿದ್ದ ಪರಿಮಳವನ್ನು ಈಗ ಕ್ಲಾರಿ ಸೇಜ್ ಗಿಡದಲ್ಲಿರುವ ಸ್ಕ್ಲಾರಿಯಾಲ್ ಎಂಬ ಸಂಯುಕ್ತದಿಂದ ಪಡೆಯಲಾಗುತ್ತಿದೆ ಎಂಬುದು ನನ್ನ ಮಟ್ಟಿಗೆ ದೊಡ್ಡ ನೆಮ್ಮದಿ. ನಿಧಾನವಾಗಿ ಆವಿಯಾಗುವ ಈ ವಸ್ತು ಒಣಗಿದ, ಬೆಚ್ಚನೆಯ, ಖನಿಜದಂಥ ಪರಿಮಳವಾಗಿ ಸಂಜೆಯವರೆಗೂ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಮತ್ತು ಬೆವರಿನ ಜೊತೆ ಸೇರಿದಾಗ ಕೆಡುವ ಬದಲು ಇನ್ನಷ್ಟು ಸಹಜವೆನಿಸುತ್ತದೆ. ಉಪ್ಪು ಎಂದು ಮನಸ್ಸು ಗುರುತಿಸುವುದು ಈ ಘಟ್ಟವನ್ನೇ.

ಆದ್ದರಿಂದ ಕಾಗದದ ಪಟ್ಟಿಯನ್ನು ಮೂಸಿ ತೀರ್ಮಾನಿಸಬೇಡಿ. ಚರ್ಮದ ಮೇಲೆ ಹಾಕಿಕೊಂಡು ಮೂರ್ನಾಲ್ಕು ಗಂಟೆ ಕಾಯಿರಿ. ಆಗಲೂ ಸಿಹಿಯೇ ಮುಂದಿದ್ದರೆ ಆ ಸೀಸೆಯನ್ನು ಕೊಳ್ಳುವ ಅಗತ್ಯವಿಲ್ಲ.