ಎನ್‌ಎಚ್‌ಎಲ್‌ನ ಫ್ರೀ ಹೈಲೈಟ್ಸ್ ಮತ್ತು ಬಾಕ್ಸ್ ಸ್ಕೋರ್: ಬಳ್ಳಾರಿಯಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಐಸ್ ಹಾಕಿಯಲ್ಲಿ ಬರೀ ಗೋಲು ನೋಡಿ ಖುಷಿಪಡಬೇಕು ಅಂದರೆ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಯೂಟ್ಯೂಬ್ ಚಾನೆಲ್‌ನ ಹೈಲೈಟ್ಸ್ ಸಾಕು. ಆದರೆ ಒಂದು ತಂಡ ಸೀಸನ್ ಮಧ್ಯದಲ್ಲಿ ಯಾಕೆ ಮುಗ್ಗರಿಸಿತು, ಕೋಚ್ ಯಾರನ್ನು ಕೂರಿಸಿ ಯಾರನ್ನು ಇಳಿಸಿದ, ಅದರಿಂದ ಏನಾಯಿತು ಅನ್ನೋದು ತಿಳಿಯಬೇಕಿದ್ದರೆ ಅದೊಂದೇ ಸಾಲದು. ಪಕ್ಕದಲ್ಲಿ ಎನ್‌ಎಚ್‌ಎಲ್ ವೆಬ್‌ಸೈಟ್‌ನ ಬಾಕ್ಸ್ ಸ್ಕೋರ್, ಅಂದರೆ ಮ್ಯಾಚ್‌ನ ಅಂಕಿಅಂಶಗಳ ಶೀಟ್, ತೆರೆದಿಟ್ಟುಕೊಳ್ಳಲೇಬೇಕು. ಎರಡೂ ಫ್ರೀ.

ನಾನಿರೋದು ಬಳ್ಳಾರಿ, ಕೆಲಸ ತೋರಣಗಲ್ಲಿನಲ್ಲಿ. ಈ ಆಟ ಹಚ್ಚಿದ್ದು ಸೇಂಟ್ ಲೂಯಿಸ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ. ಅಲ್ಲಿ ಸಂಜೆ 7 ಅಂದರೆ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 6.30, ನೈಟ್ ಶಿಫ್ಟ್ ಮುಗಿಸಿ ಬಸ್ಸಲ್ಲಿ ಕೂತಿರುವ ಹೊತ್ತು. ಹಿಂದೆ ದುಡ್ಡು ಕಟ್ಟಿ ಒಂದು ಆ್ಯಪ್‌ನಲ್ಲಿ ಲೈವ್ ನೋಡಲು ಹೋಗಿದ್ದೆ. ಕುಡಿತಿನಿ ಹತ್ತಿರ ಬರುತ್ತಿದ್ದಂತೆ ವಿಡಿಯೋ ನಿಂತು ನಿಂತು ಓಡುತ್ತಿತ್ತು, ಪಕ್ (ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಪಕ್ ಅಷ್ಟು ಚಿಕ್ಕದು, ಆಟ ಅಷ್ಟು ಜೋರು, ಅರೆಬರೆ ನೆಟ್‌ವರ್ಕ್‌ನಲ್ಲಿ ಲೈವ್ ನೋಡುವ ಆಟವೇ ಅಲ್ಲ ಇದು. ಮನೆಗೆ ಬಂದು ಒಗ್ಗರಣಿ ಮಿರ್ಚಿ ತಿನ್ನುತ್ತಾ ಐದಾರು ನಿಮಿಷದ ಹೈಲೈಟ್ಸ್ ನೋಡೋದು ಎಷ್ಟೋ ವಾಸಿ.

ಇವನ್ನು ಸರಿಯಾಗಿ ಪರೀಕ್ಷೆ ಮಾಡಬೇಕು ಅಂತ ಸೇಂಟ್ ಲೂಯಿಸ್ ಬ್ಲೂಸ್ ತಂಡದ 2018-19ರ ಸೀಸನ್ ಹಿಡಿದು ಕೂತೆ. ಹಳೆಯದೇ, ಆದರೆ ತಂಡದ ಆಯ್ಕೆ ಅಂದರೆ ಏನು ಅನ್ನೋದನ್ನು ಕಲಿಯೋಕೆ ಅದಕ್ಕಿಂತ ಒಳ್ಳೆಯ ಸೀಸನ್ ನನಗೆ ಗೊತ್ತಿಲ್ಲ. 2018ರ ನವೆಂಬರ್ 19ರಂದು ಕೋಚ್ ಮೈಕ್ ಯೋ ಅವರನ್ನು ತೆಗೆದರು. ಕ್ರೇಗ್ ಬೆರುಬೆ ತಾತ್ಕಾಲಿಕ ಕೋಚ್ ಆಗಿ ಬಂದರು. ಕೋಚ್ ಬದಲಾದ ತಕ್ಷಣ ಎಲ್ಲ ಸರಿಹೋಗಲಿಲ್ಲ. ಡಿಸೆಂಬರ್‌ನಲ್ಲಿ ಅಭ್ಯಾಸದ ವೇಳೆ ತಂಡದವರೇ ಆದ ಬೊರ್ಟುಝೊ ಮತ್ತು ಸ್ಯಾನ್‌ಫರ್ಡ್ ಇಬ್ಬರೂ ಕೈ ಕೈ ಮಿಲಾಯಿಸಿದ್ದರು, ಅಷ್ಟು ಹದಗೆಟ್ಟಿತ್ತು. 2019ರ ಜನವರಿ 3ರ ಬೆಳಗ್ಗೆ ಪಟ್ಟಿ ನೋಡಿದರೆ 37 ಮ್ಯಾಚ್ ಆಗಿ 34 ಅಂಕ, 31 ತಂಡಗಳಲ್ಲಿ ಕೊನೆಯ ಸ್ಥಾನ.

ಆಮೇಲೆ ಬಂತು ಜನವರಿ 7, ಫಿಲಡೆಲ್ಫಿಯಾ ವಿರುದ್ಧ. ಅದುವರೆಗೆ ಗೋಲಿ (ಗೋಲ್‌ಕೀಪರ್) ಜೇಕ್ ಆ್ಯಲನ್ ಮೇಲೆಯೇ ಭಾರ. ಅವತ್ತು ಮೊದಲ ಸಲ ಶುರುವಿನಿಂದಲೇ ನಿಂತದ್ದು 25 ವರ್ಷದ ಜೋರ್ಡನ್ ಬಿನ್ನಿಂಗ್ಟನ್. 3-0, ಒಂದೂ ಗೋಲು ಬಿಡಲಿಲ್ಲ. ಇಂಥದ್ದನ್ನು ತೋರಿಸೋದರಲ್ಲಿ ಹೈಲೈಟ್ಸ್ ಬಹಳ ಒಳ್ಳೆಯದು, ಗೋಲಿಯ ಕಾಲು ಕೈ ಎಲ್ಲ ನಿಧಾನಗತಿಯಲ್ಲಿ ಮತ್ತೆ ತೋರಿಸುತ್ತಾರೆ. ಬಿನ್ನಿಂಗ್ಟನ್ ಸೀಸನ್ ಮುಗಿಸಿದ್ದು 24 ಗೆಲುವಿನೊಂದಿಗೆ. ನಡುವೆ ತಂಡ ಸತತ 11 ಮ್ಯಾಚ್ ಗೆದ್ದು, ಕೊನೆಗೆ 99 ಅಂಕ ಮುಟ್ಟಿತು.

ಆದರೆ ಸೋಲು ಅರ್ಥ ಮಾಡಿಕೊಳ್ಳಲು ಹೋದರೆ ಹೈಲೈಟ್ಸ್ ದಾರಿ ತಪ್ಪಿಸುತ್ತದೆ. ಆ ಸೀಸನ್‌ನ ಫೈನಲ್ ಬಾಸ್ಟನ್ ವಿರುದ್ಧ, ಒಂದೇ ಮ್ಯಾಚ್ ಅಲ್ಲ, ಏಳು ಮ್ಯಾಚ್‌ಗಳ ಸರಣಿ. ಅದರ 3ನೇ ಮ್ಯಾಚ್ ನೋಡಿ. ಬಾಸ್ಟನ್ 7, ಬ್ಲೂಸ್ 2. ವಿಡಿಯೋದಲ್ಲಿ ಗೋಲಿನ ಮೇಲೆ ಗೋಲು, ನಡುವೆ ಬಿನ್ನಿಂಗ್ಟನ್‌ನನ್ನು ಹೊರಗೆ ಕರೆದದ್ದು, ನೋಡಿದವರಿಗೆ ಇವನದೇ ತಪ್ಪು ಅನಿಸುತ್ತದೆ, ಅಲ್ವಾ? ಬಾಕ್ಸ್ ಸ್ಕೋರ್ ತೆರೆದರೆ ಕಥೆಯೇ ಬೇರೆ. ಬಾಸ್ಟನ್‌ಗೆ ಸಿಕ್ಕ ಪವರ್ ಪ್ಲೇ 4, ನಾಲ್ಕರಲ್ಲೂ ಗೋಲು. ಅಂದರೆ ಬ್ಲೂಸ್ ಪೆನಾಲ್ಟಿ ಮಾಡಿಕೊಂಡು ಒಬ್ಬ ಆಟಗಾರ ಕಡಿಮೆ ಇದ್ದಾಗಲೇ ಪೆಟ್ಟು ಬಿದ್ದದ್ದು. ಬೆರುಬೆ ಮುಂದಿನ ಮ್ಯಾಚ್‌ಗೂ ಅದೇ ಗೋಲಿಯನ್ನು ನಿಲ್ಲಿಸಿದರು, 4-2 ಗೆದ್ದರು. ಶೀಟ್ ನೋಡದೆ ಇದ್ದರೆ ಆ ನಿರ್ಧಾರ ಸುಮ್ನೆ ಮೊಂಡುತನ ಅನಿಸುತ್ತಿತ್ತು.

ಇದು ಕ್ರಿಕೆಟ್ ಹಾಗೆ ಹನ್ನೊಂದು ಜನ ಇಡೀ ಮ್ಯಾಚ್ ಆಡೋ ಆಟ ಅಲ್ಲ. ಇಬ್ಬರು ಗೋಲಿಗಳೂ ಸೇರಿ 20 ಜನ ಸಜ್ಜಾಗುತ್ತಾರೆ, ಐಸ್ ಮೇಲೆ ಒಮ್ಮೆಗೆ ಇರೋದು ಗೋಲಿ ಸೇರಿ ಆರೇ ಜನ, ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತಾರೆ. ಸಾಮಾನ್ಯವಾಗಿ ಮುಂದಿನ ಸಾಲಿನವರು ಮೂರು ಮೂರು ಜನರ ನಾಲ್ಕು ಗುಂಪು, ಡಿಫೆನ್ಸ್‌ನವರು ಮೂರು ಜೋಡಿ. ಕೋಚ್ ಯಾರನ್ನು ನಂಬಿದ ಅನ್ನೋದು ಟಿಒಐ ಅಂತ ಇರುವ ಕಾಲಂನಲ್ಲಿ ಗೊತ್ತಾಗುತ್ತದೆ, ಅಂದರೆ ಆ ಆಟಗಾರ ಐಸ್ ಮೇಲೆ ಇದ್ದ ಒಟ್ಟು ಸಮಯ. ನಿಮಿಷ ಕಡಿಮೆಯಾಗುತ್ತಾ ಬಂದವನು ಬೇಗ ಹೊರಗೆ ಕೂರುತ್ತಾನೆ. ನನಗೆ ಇಡೀ ವೆಬ್‌ಸೈಟ್‌ನಲ್ಲಿ ಜಾಸ್ತಿ ಇಷ್ಟವಾದದ್ದು ಈ ಒಂದು ಕಾಲಂ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ಪ್ರತಿ ಆಟಗಾರ ಯಾವ ಕ್ಷಣಕ್ಕೆ ಇಳಿದ, ಯಾವಾಗ ವಾಪಸ್ ಬಂದ ಅನ್ನೋ ವರದಿಯೂ ಇದೆ.

ಕೊರತೆಯೂ ಇದೆ. ಹೊರಗೆ ಕೂತವರನ್ನು ಯಾಕೆ ಕೂರಿಸಿದರು ಅನ್ನೋದು ಎರಡರಲ್ಲೂ ಸಿಗೋದಿಲ್ಲ. ಜ್ಯಾಕ್ ಸ್ಯಾನ್‌ಫರ್ಡ್ ಪ್ಲೇಆಫ್‌ನ ಬಹುಪಾಲು ಮ್ಯಾಚ್‌ಗಳಲ್ಲಿ ಹೊರಗೇ ಇದ್ದ. ಫೈನಲ್‌ನ 3ನೇ ಮ್ಯಾಚ್‌ಗೆ ತಂಡದ ಇನ್ನೊಬ್ಬ ಆಟಗಾರ ಸುಂಡ್‌ಕ್ವಿಸ್ಟ್‌ಗೆ ನಿಷೇಧ ಬಿದ್ದಾಗ ಒಳಗೆ ಬಂದ. ಸುಂಡ್‌ಕ್ವಿಸ್ಟ್ ವಾಪಸ್ ಬಂದ ಮೇಲೂ ಬೆರುಬೆ ಇವನನ್ನು ತೆಗೆಯಲಿಲ್ಲ, ಓರೈಲಿ ಮತ್ತು ಪೆರೋನ್ ಜೊತೆಗೇ ಆಡಿಸಿದರು. ಆ ಓರೈಲಿ 4ನೇ ಮ್ಯಾಚ್‌ನಿಂದ ಕೊನೆಯವರೆಗೂ ಪ್ರತಿ ಮ್ಯಾಚ್‌ನಲ್ಲೂ ಗೋಲು ಹೊಡೆದ. ಇದೆಲ್ಲ ಯಾಕೆ ಹೀಗಾಯಿತು ಅಂತ ಹೈಲೈಟ್ಸ್ ಒಂದು ಮಾತೂ ಹೇಳೋದಿಲ್ಲ. ಹಳೆಯ ಶೀಟ್‌ಗಳನ್ನು ಒಂದೊಂದಾಗಿ ತೆರೆದು ಯಾರು ಆಡಿದರು, ಯಾರು ಆಡಲಿಲ್ಲ ಅಂತ ನಾವೇ ಹೋಲಿಸಿ ನೋಡಬೇಕು. ಕಾಮೆಂಟರಿ ಇಂಗ್ಲಿಷ್‌ನಲ್ಲಿ, ಮಾತಿನ ವೇಗಕ್ಕೆ ನಮ್ಮ ಮನೆಯವರಿಗೆ ಏನೂ ಅರ್ಥವಾಗೋದಿಲ್ಲ. ಒಂದು ಸಲ ನಾಲ್ಕು ಗುಂಪುಗಳ ಚಿತ್ರ ತೋರಿಸಿ ಮುಂದಕ್ಕೆ ಹೋದರೂ ಹೊಸಬರಿಗೆ ಎಷ್ಟೋ ಉಪಕಾರ.

ಹೊಸದಾಗಿ ನೋಡೋರು 3ನೇ ಮ್ಯಾಚ್ ಮೊದಲು ವಿಡಿಯೋ, ಆಮೇಲೆ ಶೀಟ್ ಹೀಗೆ ನೋಡಿ. 2019ರ ಜೂನ್ 12ರ 7ನೇ ಮ್ಯಾಚ್ ಮಾತ್ರ ತಿರುಗಾಮುರುಗ, ಮೊದಲು ಶೀಟ್. ಮೊದಲ ಅವಧಿಯಲ್ಲಿ ಬಾಸ್ಟನ್ 12 ಸಲ ಗೋಲಿನತ್ತ ಹೊಡೆದಿದೆ, ಬ್ಲೂಸ್ ಬರೀ 4. ಆದರೂ ಬ್ಲೂಸ್ 2-0 ಮುಂದೆ. ಅದನ್ನು ಓದಿಕೊಂಡು ವಿಡಿಯೋ ಹಾಕಿದರೆ ಬಿನ್ನಿಂಗ್ಟನ್ ತಡೆದ ಒಂದೊಂದು ಹೊಡೆತವೂ ಬೇರೆಯೇ ಕಾಣುತ್ತದೆ. 4-1ರಲ್ಲಿ ಕಪ್ ಗೆದ್ದ ಆ ಮ್ಯಾಚ್‌ನಲ್ಲಿ ಬ್ಲೂಸ್‌ನ ನಾಲ್ಕನೇ ಗೋಲು ಸ್ಯಾನ್‌ಫರ್ಡ್‌ನದು.